ಹುಲ್ಲಿನ ಲೆಕ್ಕ

ಮಾರಿಕಣಿವೆ ಕೋಡಿ ಬಿದ್ದಿದೆ ಎಂದು ಕೇಳಿ ಹಿರಿಯೂರಿಗೆ ಹೋದವನು ನಾನು. 2025ರ ಜನವರಿ, ಸಂಕ್ರಾಂತಿಯ ಆಸುಪಾಸು. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಎತ್ತಿದ ಈ ಕಟ್ಟೆಯ ಕೆಲಸ ಮುಗಿದದ್ದು 1907ರಲ್ಲಿ. ತುಂಬಿ ಹರಿದದ್ದು 1933ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ, ಆಗ ಮೂರನೆಯ ಸಲ. ಜನ ಜಾತ್ರೆಗೆ ಬಂದಂತೆ ಬಂದಿದ್ದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕಬ್ಬಿನ ಹಾಲು, ಬಲೂನು. ಹೊಸ ಸೀರೆ ಉಟ್ಟ ಅಜ್ಜಿಯರು ಕೋಡಿಯ ನೀರನ್ನು ಅಂಗೈಯಲ್ಲಿ ಹಿಡಿದು ಮೊಮ್ಮಕ್ಕಳ ತಲೆಗೆ ಚಿಮುಕಿಸುತ್ತಿದ್ದರು.

ಆ ಗದ್ದಲಕ್ಕೆ ಬೆನ್ನು ಹಾಕಿ ಒಬ್ಬ ಯಜಮಾನ ಕಾಲುವೆಯ ಏರಿ ಮೇಲೆ ಕುಕ್ಕರಗಾಲಲ್ಲಿ ಕೂತು ಕುಡುಗೋಲಿನಿಂದ ಹುಲ್ಲು ಕೊಯ್ಯುತ್ತಿದ್ದ. ಪಕ್ಕದಲ್ಲಿ ಟಿವಿಎಸ್ ನಿಂತಿತ್ತು, ಅದರ ಹಿಂದಕ್ಕೆ ಅರ್ಧ ತುಂಬಿದ ಗೋಣಿಚೀಲ. "ನೀರು ನೋಡಾಕೆ ಬರಲಿಲ್ವಾ ಯಜಮಾನ್ರೆ?" ಎಂದೆ. ತಲೆ ಎತ್ತದೆ ಹೇಳಿದ: "ಬೆಳಗ್ಗೆನೇ ನೋಡಿದೆ ಸಾರ್. ನೀರು ಎಲ್ಲೂ ಹೋಗಲ್ಲ. ಹುಲ್ಲು ನಾಳೆ ಇರಲ್ಲ, ಬೇರೆಯವ್ರು ಕೊಯ್ಕೊಂಡು ಹೋಗ್ತಾರೆ."

ಮನೆಯಲ್ಲಿ ಎರಡು ಸೀಮೆ ಹಸು. ಒಂದು ಕರೆಯುತ್ತಿದೆ, ಇನ್ನೊಂದು ಬತ್ತಿದೆ. ಸಂಜೆ ಡೈರಿಗೆ ಹಾಲು ಹಾಕಲು ಹೋಗುವಾಗ ನಾನೂ ಬರಲೇ ಎಂದು ಕೇಳಿದ್ದಕ್ಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಸಂಘದ ಆಡಿಟ್ನೋರಾ?" ಎಂದ. ಅಲ್ಲ ಎಂದ ಮೇಲೆ ಹತ್ತಿಸಿಕೊಂಡ. ಮೂರು ದಿನದ ನನ್ನ ತಿರುಗಾಟ ಹಿರಿಯೂರಿನಿಂದ ಹೊಸದುರ್ಗ, ಅಲ್ಲಿಂದ ಹೊಳಲ್ಕೆರೆ, ಕೊನೆಗೆ ಚಿತ್ರದುರ್ಗ ಎಂದು ಸಾಗಿತು, ಅದು ಶುರುವಾದದ್ದು ಆ ಟಿವಿಎಸ್ಸಿನ ಹಿಂದೆ, ಹುಲ್ಲಿನ ಚೀಲವನ್ನು ತಬ್ಬಿ ಕೂತಲ್ಲಿಂದ.

ಡೈರಿ ಎಂದರೆ ಊರ ಜನಕ್ಕೆ ಹಾಲು ಉತ್ಪಾದಕರ ಸಹಕಾರ ಸಂಘದ ಒಂದು ಕೋಣೆ. ಆರು ಗಂಟೆಯ ಹೊತ್ತಿಗೆ ಸ್ಟೀಲಿನ ಕ್ಯಾನು, ತಂಬಿಗೆ, ಮುಚ್ಚಳವಿರುವ ಡಬ್ಬಿಗಳ ಸಾಲು. ಅರ್ಧಕ್ಕರ್ಧ ಹೆಂಗಸರು. ಒಬ್ಬಳು ಶಾಲೆಯ ಹುಡುಗಿ ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ತೆರೆದ ಪುಸ್ತಕ ಹಿಡಿದಿದ್ದಳು. ಮೊದಲು ತೂಕ, ಆಮೇಲೆ ಒಂದು ಚಮಚ ಹಾಲು ಯಂತ್ರದ ಬಾಯಿಗೆ, ಆಮೇಲೆ ಚೀಟಿ. ಯಜಮಾನ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಜಿಡ್ಡಿನಂಶ ಪರವಾಗಿಲ್ಲ, ಎಸ್‌ಎನ್‌ಎಫ್ ಅಂದರೆ ಜಿಡ್ಡೇತರ ಘನಾಂಶ ಕಡಿಮೆ ಬಂದಿತ್ತು. ಜಿಡ್ಡು 3.5, ಜಿಡ್ಡೇತರ ಘನಾಂಶ 8.5 ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಂಡು ದರ ಕಟ್ಟುತ್ತಾರೆ. ಅದಕ್ಕಿಂತ ಇಳಿದರೆ ಕಾಸು ಇಳಿಯುತ್ತದೆ.

"ದೇವ್ರಾಣೆ ಒಂದು ತೊಟ್ಟು ನೀರು ಹಾಕಿಲ್ಲ," ಎಂದು ನನಗೆ ಹೇಳಿದ, ನಾನು ಕೇಳದೇ ಇದ್ದರೂ.

ನನಗೆ ನಂಬಿಕೆ ಬಂತು. ಹಸುವಿಗೆ ಹೊಟ್ಟೆ ತುಂಬ ಬೀಳದಿದ್ದರೂ ಈ ಅಂಶ ಇಳಿಯುತ್ತದೆ. ದಿನಕ್ಕೆ 10 ಲೀಟರ್ ಕೊಡುವ ಸೀಮೆ ಹಸುವಿಗೆ 5-6 ಕಿಲೋ ಒಣಹುಲ್ಲು, 20-25 ಕಿಲೋ ಹಸಿಮೇವು, ಅದರ ಮೇಲೆ 4-5 ಕಿಲೋ ಹಿಂಡಿ-ಬೂಸಾ ಬೇಕು. ಏರಿಯ ಮೇಲೆ ಕೊಯ್ದ ಅರ್ಧ ಗೋಣಿಚೀಲದಲ್ಲಿ ಅದು ಎಲ್ಲಿಂದ ಬರಬೇಕು? ಮೇವಿಲ್ಲದ ಮನೆಗೆ ದರದ ಪೆಟ್ಟು ಎರಡು ಸಲ ಬೀಳುತ್ತದೆ: ಹಾಲೂ ಕಡಿಮೆ, ಆ ಕಡಿಮೆ ಹಾಲಿಗೆ ರೇಟೂ ಕಡಿಮೆ. ಪತ್ರಿಕೆಗಳಲ್ಲಿ ಬರುವ ಹಾಲಿನ ದರದ ಸುದ್ದಿಯಲ್ಲಿ ಈ ಎರಡನೆಯ ಪೆಟ್ಟಿನ ಮಾತು ನಾನು ಓದಿದ್ದು ಅಪರೂಪ.

ಹೊಸದುರ್ಗದ ಕಡೆ ಬಸ್ಸು ಹೊರಟಾಗ ಕಿಟಕಿಯಲ್ಲಿ ಕಂಡದ್ದು ಗಾಳಿಯಂತ್ರಗಳು, ಒಣಗಿದ ಬಾದೆಹುಲ್ಲಿನ ಗುಡ್ಡಗಳು, ನಡುನಡುವೆ ದಿಢೀರನೆ ಹಸಿರು ಚೌಕಗಳು. ಆ ಚೌಕಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಗುಡ್ಡಗಳನ್ನು ನೋಡುವಾಗ ನೆನಪಾದದ್ದು ಬೆಣ್ಣೆ ಚಾವಡಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆ ಇದ್ದ ಇಲಾಖೆಯ ಹೆಸರು ಅದು. ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಹೆಸರು ಎರಡೂ ಹಾಲು ಬೆಣ್ಣೆಯದು. ಆದರೆ ಆ ತಳಿ ಹೆಸರು ಮಾಡಿದ್ದು ತೋಪು ಎಳೆಯುವ ಎತ್ತುಗಳಿಂದ. ಹಾಲು ಕರುವಿಗೆ ಸಾಕಾಗುವಷ್ಟು. ಅವುಗಳ ಮೇವಿಗೆಂದೇ ರಾಜ್ಯದ ತುಂಬ ಕಾವಲುಗಳಿದ್ದವು. ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ. ದನ ಕಟ್ಟುವ ಮೊದಲು ಹುಲ್ಲಿಗೆ ಜಾಗ ಗುರುತು ಮಾಡಿದ ಆಡಳಿತ ಅದು. ಚಳ್ಳಕೆರೆಯ ಕಡೆಯ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ಈಚಿನ ವರ್ಷಗಳಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಬೇಕಾದ ಸಂಸ್ಥೆಗಳೇ ಇರಬಹುದು. ಆ ಹುಲ್ಲಿಗೆ ಬದಲು ಹುಲ್ಲು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ನನಗಂತೂ ಎಲ್ಲೂ ಸಿಗಲಿಲ್ಲ.

ಹೊಸದುರ್ಗದ ಸಮೀಪ ಒಂದು ಹಳ್ಳಿಯಲ್ಲಿ ನನ್ನ ಗೆಳೆಯನ ಸೋದರತ್ತೆಯ ಮನೆ. ಗೆಳೆಯ ಕರೆಯುವಂತೆ ನಾನೂ ಅತ್ತೆ ಎಂದೇ ಕರೆದೆ. ರಾತ್ರಿ ಅಲ್ಲೇ ಉಳಿದೆ. ರಾಗಿ ಮುದ್ದೆ, ಅವರೆಕಾಳಿನ ಸಾರು. ಮಜ್ಜಿಗೆ ಬಂತು, ತೆಳ್ಳಗೆ. "ಹಾಲು ಕರೆಯೋ ಮನೇಲಿ ಮಜ್ಜಿಗೆ ನೀರಾಗೈತೆ ಅಂತ ನಗಬ್ಯಾಡ ಕಣಪ್ಪ," ಎಂದರು ಅತ್ತೆ. "ಕರೆದಿದ್ದೆಲ್ಲ ಡೈರಿಗೆ. ಮನೆಗೆ ಕಾಲು ಲೀಟರ್ ಇಟ್ಕೊಂಡ್ರೆ ಅದೂ ದುಡ್ಡೇ ಅಲ್ವಾ?" ಅವರ ಮೊಮ್ಮಗಳು ಹಾಲು ಕುಡಿಯುವುದು ಸರ್ಕಾರಿ ಶಾಲೆಯಲ್ಲಿ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಅದು, ಪುಡಿ ಕಲಸಿ ಕಾಯಿಸಿದ್ದು. ಅಜ್ಜಿ ಕರೆದ ಹಾಲು ಊರು ಬಿಟ್ಟು ಎಲ್ಲೋ ಪುಡಿಯಾಗಿ, ಮತ್ತೆ ಮೊಮ್ಮಗಳ ಲೋಟಕ್ಕೆ ಬಂದು ಬೀಳುವ ದಾರಿಯನ್ನು ಯೋಚಿಸುತ್ತ ನಾನು ಎರಡನೇ ಸಲ ಮಜ್ಜಿಗೆ ಕೇಳಲಿಲ್ಲ.

ಬೆಳಗ್ಗೆ ಐದಕ್ಕೆಲ್ಲ ಕೊಟ್ಟಿಗೆಯಲ್ಲಿ ದೀಪ. ಮೊದಲು ನಾಲ್ಕು ಹಸು ಇದ್ದವಂತೆ, ಈಗ ಎರಡು. ಅತ್ತೆ ಕೆಚ್ಚಲು ತೊಳೆದು ಕರೆಯಲು ಕೂತರು. ನಾನು ಹಿತ್ತಲಿಗೆ ಹೋದೆ. ಅಲ್ಲಿ ದುಂಡಗೆ ಒಂದು ಜಾಗ, ಸುತ್ತ ಕಲ್ಲು ಜೋಡಿಸಿದ್ದು, ಈಗ ಅದರಲ್ಲಿ ಹಳೆಯ ಹನಿ ನೀರಾವರಿಯ ಪೈಪಿನ ಸಿಂಬಿ. ಅದು ಬಣವೆಯ ಜಾಗ. ರಾಗಿ ಹುಲ್ಲು ತಳಕ್ಕೆ, ಸಾವೆ ಹುಲ್ಲು ಮೇಲಕ್ಕೆ, ಪಕ್ಕದಲ್ಲಿ ಶೇಂಗಾ ಹೊಟ್ಟು, ಹುರುಳಿ ಹೊಟ್ಟು. ಹೊಸದುರ್ಗ ಸಾವೆಗೆ ಹೆಸರಾದ ಸೀಮೆ. ಸಾವೆ ಹುಲ್ಲು ಎಂದರೆ ದನ ತಲೆ ಎತ್ತದೆ ತಿನ್ನುತ್ತದೆ ಎಂದು ಮಾವ ಹೇಳಿದರು. ಹೇಳಿದವರೇ ಎರಡು ಎಕರೆ ರಾಗಿ-ಸಾವೆ ಹೊಲಕ್ಕೆ ಬೋರು ಕೊರೆಸಿ ಅಡಿಕೆ ಇಟ್ಟವರು. ನಾನು ಬಸ್ಸಿನಿಂದ ಕಂಡ ಹಸಿರು ಚೌಕಗಳಲ್ಲಿ ಅದೂ ಒಂದು. ಈಗ ಒಣಹುಲ್ಲು ಲಾರಿಯಲ್ಲಿ ಬರುತ್ತದೆ, ದಾವಣಗೆರೆಯ ಭದ್ರಾ ಅಚ್ಚುಕಟ್ಟಿನ ಭತ್ತದ ಹುಲ್ಲು, ಯಂತ್ರ ಸುತ್ತಿದ ಉರುಳೆಗಳು. ಉಳಿದ ಒಂದು ಎಕರೆ ರಾಗಿಯನ್ನೂ ಕೊಯ್ಯಲು ಆಳು ಸಿಗದೆ ಯಂತ್ರ ಬಿಟ್ಟರೆ ಕಾಳು ಚೀಲಕ್ಕೆ ಬರುತ್ತದೆ, ಹುಲ್ಲು ಪುಡಿಯಾಗಿ ಹೊಲದಲ್ಲೇ ಬೀಳುತ್ತದೆ.

"ಅಡಿಕೆ ಯಾಕೆ ಹಾಕಿದ್ರಿ ಮಾವ?"

"ಇನ್ನೇನು ಹಾಕಾನ? ದಾಳಿಂಬೆ ಹಾಕಿದ್ವಿ, ದುಂಡಾಣು ರೋಗ ಬಂತು. ತೆಂಗು ಐತೆ, ಬಿಳಿನೊಣ. ಹಾಲು ನಂಬ್ಕೊಂಡ್ರೆ ಇವತ್ತೊಂದು ರೇಟು, ಹಾಲು ಜಾಸ್ತಿ ಆಯ್ತು ಅಂದ್ರೆ ನಾಳೆ ಪೈಸೆ ಪೈಸೆ ಇಳಿಸ್ತಾರೆ. ಭದ್ರಾ ನೀರು ಬರ್ತೈತೆ ಅಂತಾವ್ರೆ. ಬಂದಾಗ ಗಿಡ ಇರಲಿ ಅಂತ."

ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗ ದಾಟಿ ಬಂದು ಮಾರಿಕಣಿವೆ ತುಂಬಲು ನೆರವಾದದ್ದು ನಿಜ. ಈ ಯೋಜನೆಗೆ 2023-24ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಗಿತ್ತು. ನಾನು ಹೋದಾಗಲೂ ಜನ ಅದರ ದಾರಿ ನೋಡುತ್ತಲೇ ಇದ್ದರು. ಗಿಡಗಳು ಮಾತ್ರ ಕಾಯುತ್ತ ಕೂರುವುದಿಲ್ಲ, ಬೋರಿನ ನೀರು ಕುಡಿದು ಬೆಳೆಯುತ್ತವೆ.

ಅತ್ತೆ ಕರೆದು ಮುಗಿಸಿ ಬಂದು ಮಾತಿಗೆ ಸೇರಿದರು. ಆಗ ಅವರು ಹೇಳಿದ್ದನ್ನು ನಾನು ಈ ವಿಷಯದ ಯಾವ ಭಾಷಣದಲ್ಲೂ ಕೇಳಿಲ್ಲ. "ಅಡಿಕೆ ದುಡ್ಡು ವರ್ಷಕ್ಕೊಂದ್ಸಲ ಬರ್ತೈತೆ, ಅದು ನಿಮ್ಮ ಮಾವನ ಕೈಗೆ. ಹಾಲಿನ ಬಟವಾಡೆ ಬರೋದು ನನ್ನ ಖಾತೆಗೆ. ಸೋಪು, ಮಾತ್ರೆ, ಹುಡುಗಿ ಫೀಜು, ಸಂಘದ ಕಂತು ಎಲ್ಲ ಅದ್ರಾಗೇ. ಹಸು ಹೊಡೆದುಬಿಟ್ರೆ ಅಡಿಕೆ ಬಂದು ಆ ದುಡ್ಡು ತುಂಬ್ತೈತೆ ಅಂತಾರೆ. ತುಂಬ್ತೈತೆ, ಇಲ್ಲ ಅನ್ನಲ್ಲ. ನಾನು ಕೈ ಚಾಚಿ ಕೇಳ್ಬೇಕಲ್ಲ?" ಮಾವ ಬೀಡಿ ಹಚ್ಚಿಕೊಂಡು ಹೊರಗೆ ಹೋದರು.

ಒಂದು ತರಬೇತಿ ಶಿಬಿರಕ್ಕೂ ಅತ್ತೆ ಹೋಗಿ ಬಂದಿದ್ದರು. ಹಾಲೊಂದನ್ನೇ ನೆಚ್ಚಬೇಡಿ, ಸಮಗ್ರ ಕೃಷಿ ಮಾಡಿ, ಕುರಿ ಕೋಳಿ ಜೇನು ಎಲ್ಲ ಇರಲಿ ಎಂದು ಹೇಳಿಕೊಟ್ಟರಂತೆ. "ನಮ್ಮವ್ವನ ಮನೇಲಿ ಎರಡು ಎಮ್ಮೆ, ಹತ್ತಿಪ್ಪತ್ತು ಕುರಿ, ಕೋಳಿ ಎಲ್ಲ ಇದ್ವು. ಅದಕ್ಕೆ ಇಂಥ ಹೆಸರು ಐತೆ ಅಂತ ಗೊತ್ತಿರಲಿಲ್ಲ," ಎಂದು ನಕ್ಕರು. ನಾನೂ ನಕ್ಕೆ. ಆದರೆ ಆ ಹಳೆಯ ಮನೆಯನ್ನು ಸ್ವರ್ಗ ಮಾಡಲು ನನಗೆ ಮನಸ್ಸಿಲ್ಲ. ಅವರವ್ವನ ಕೈಗೆ ವಾರದ ದುಡ್ಡು ಬಂದದ್ದಿಲ್ಲ. ಬೆಣ್ಣೆ ಮಾರಿ ಬಂದ ಚಿಲ್ಲರೆ ಸೆರಗಿನ ಗಂಟಿಗೆ, ಬೀಜಕ್ಕೆ ಸಾಲ ಸಾಹುಕಾರನ ಹತ್ತಿರ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಶುರುವಾಗಿ, 1984ರಲ್ಲಿ ಹಾಲು ಮಹಾಮಂಡಳವಾದ ವ್ಯವಸ್ಥೆ ದೂರದ ಹಳ್ಳಿಗೂ ಒಂದು ತೂಕದ ಯಂತ್ರ, ಒಂದು ಖಾತೆ ತಂದುಕೊಟ್ಟಿತು. ಅದು ಸಣ್ಣ ಮಾತಲ್ಲ. ಸರ್ಕಾರ ಹಾಲಿನ ಮೇಲೆ ಕೊಡುವ ಪ್ರೋತ್ಸಾಹಧನವೂ ಲೀಟರಿಗೆ 2008ರಲ್ಲಿ 2 ರೂಪಾಯಿ, 2013ರಲ್ಲಿ 4, 2016ರಲ್ಲಿ 5 ಎಂದು ಏರಿತು. ನಾನು ಹೋದಾಗಲೂ ಅಲ್ಲೇ ನಿಂತಿತ್ತು. ಹಿಂಡಿ ಬೂಸಾದ ರೇಟಿಗೆ 2016 ಎಂಬ ವರ್ಷ ನೆನಪಿದ್ದಂತಿಲ್ಲ.

ಅತ್ತೆಯ ಮನೆಯ ಮುಂದೆ ಅಜೋಲಾ ಎಂಬ ನೀರುಮೇವಿನ ಒಂದು ತೊಟ್ಟಿ ಇತ್ತು. ಶಿಬಿರದಿಂದ ಬಂದ ಹುರುಪಿನಲ್ಲಿ ಕಟ್ಟಿಸಿದ್ದು. ಅದರಲ್ಲಿ ಈಗ ಮೊಮ್ಮಗಳ ಮೂರು ಗಾಲಿಯ ಸೈಕಲ್ಲು ನಿಲ್ಲುತ್ತದೆ. ನೀರು ಬೇಕಲ್ಲಪ್ಪ ಅದಕ್ಕೂ.

ಹೊಳಲ್ಕೆರೆಗೆ ಬಂದರೆ ನೆಲದ ಬಣ್ಣವೇ ಬೇರೆ. ಬಯಲು ಗಣಪತಿಗೆ ಕೈಮುಗಿದು ಊರ ಹೊರಗೆ ನಡೆದರೆ ಎರಡು ಕಡೆಯೂ ಅಡಿಕೆ. ಹಳೆಯ ತೋಟ, ಹೊಸ ತೋಟ, ನಿನ್ನೆ ಗುಂಡಿ ತೋಡಿದ ತೋಟ. ಒಂದು ಮನೆಯ ಮುಂದೆ ಆಳೆತ್ತರದ ತಿಪ್ಪೆ ಕಂಡು ನಿಂತೆ. ನೀಟಾಗಿ ಚೌಕ ಮಾಡಿ, ಮೇಲೆ ತೆಂಗಿನ ಗರಿ ಹೊದಿಸಿದ್ದ ತಿಪ್ಪೆ. ಮನೆಯ ಮುಂದೆ ಕಾರು ನಿಲ್ಲಿಸುವವರು ಕೂಡ ಇಷ್ಟು ಜೋಪಾನ ಮಾಡುವುದಿಲ್ಲ.

ಮನೆಯ ಅಣ್ಣ ಏಳು ಹಸು ಕಟ್ಟಿದ್ದ. ದರ ಗಿಟ್ಟುತ್ತದಾ ಎಂದು ಕೇಳಿದೆ. "ಹಾಲಿನ ದುಡ್ಡು ಹಿಂಡಿ ಬೂಸಾಕ್ಕೆ ಹೋಗ್ತೈತೆ ಸಾರ್. ಅಲ್ಲಿಗಲ್ಲಿಗೆ. ನಂದು ಲಾಭ ಇಲ್ಲೈತೆ," ಎಂದು ತಿಪ್ಪೆ ತೋರಿಸಿದ. ಅವನ ಪಾಲಿಗೆ ಹಸು ಎಂದರೆ ಗೊಬ್ಬರದ ಯಂತ್ರ. ಹಾಲು ಆ ಯಂತ್ರ ನಡೆಸುವ ಖರ್ಚನ್ನು ತೀರಿಸುವ ಉಪಕಸುಬು. ತೋಟಕ್ಕೆ ಬೇಕಾದಷ್ಟು ಹಾಕಿ ಮಿಕ್ಕಿದ್ದನ್ನು ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಮಾರುತ್ತಾನೆ. ಕೊಳ್ಳುವವರು ಮುಂಗಡ ಕೊಟ್ಟು ಹೋಗುತ್ತಾರೆ. ಹಾಲಿಗೆ ಮುಂಗಡ ಕೊಟ್ಟವರನ್ನು ನಾನು ಇನ್ನೂ ನೋಡಿಲ್ಲ. ಹಾಲಿನ ದರ ಇಳಿದಾಗ ಈ ಸೀಮೆಯವರು ಹಸು ಬಿಡದೆ ಹೇಗೆ ತಡೆದರು ಎಂಬುದಕ್ಕೆ ಉತ್ತರ ಆ ತಿಪ್ಪೆಯಲ್ಲಿತ್ತು. ಹಸುವನ್ನು ಹಾಲಿನಿಂದ ಅಳೆಯುವುದನ್ನು ಅವರು ಬಿಟ್ಟಿದ್ದರು.

ನಾನು ಬರೆದುಕೊಳ್ಳುವುದನ್ನು ನೋಡಿ ಅವನೇ ತಡೆದ. "ಪೂರ್ತಿ ಬರ್ಕೊಳ್ಳಿ ಸಾರ್. ಅಡಿಕೆಗೆ ಗೊಬ್ಬರ ಬೇಕು, ಗೊಬ್ಬರಕ್ಕೆ ಹಸು ಬೇಕು, ಹಸುವಿಗೆ ಹುಲ್ಲು ಬೇಕು. ಹುಲ್ಲು ಬೆಳೆಯೋ ಹೊಲಕ್ಕೆಲ್ಲ ಅಡಿಕೆ ಹಾಕಿದೀವಿ." ಗಿಡ ಚಿಕ್ಕದಿರುವಾಗ ಸಾಲಿನ ನಡುವೆ ನೇಪಿಯರ್ ಬೆಳೆದಿದ್ದನಂತೆ. ನಾಲ್ಕೈದು ವರ್ಷಕ್ಕೆ ಗರಿಗಳು ಕೂಡಿ ನೆರಳು ಬಿದ್ದ ಮೇಲೆ ಹುಲ್ಲು ಸೊರಗಿತು. ಈಗ ಅವನೂ ದಾವಣಗೆರೆಯ ಲಾರಿಗೆ ಫೋನ್ ಮಾಡುತ್ತಾನೆ.

ಅಲ್ಲಿಂದ ಭೀಮಸಮುದ್ರದ ದಾರಿಯಲ್ಲಿ ಒಬ್ಬ ಹುಡುಗನ ಕುರಿ ಶೆಡ್ಡು ನೋಡಿದೆ. ಹಸು ಮಾರಿ ಕುರಿಗೆ ಬಂದವನು. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಅರ್ಧಕ್ಕರ್ಧ ಸಹಾಯಧನ ಇದೆ ಎಂದು ಕೇಳಿ ಹೋಗಿದ್ದನಂತೆ. ಅಲ್ಲಿ ನೂರು ಕುರಿಯಿಂದ ಲೆಕ್ಕ ಶುರು, ಉಳಿದರ್ಧಕ್ಕೆ ಬ್ಯಾಂಕಿನ ಸಾಲವೋ ಸ್ವಂತ ದುಡ್ಡೋ ಬೇಕು. ಸಾಲ ಆಗಲಿಲ್ಲ, ಸ್ವಂತ ದುಡ್ಡಿನಲ್ಲಿ ಮೂವತ್ತು ಕಟ್ಟಿದ. ಬಕ್ರೀದಿಗೆ ಒಳ್ಳೆಯ ರೇಟು ಸಿಕ್ಕಿದ್ದನ್ನು ಹೇಳುವಾಗ ಮುಖ ಅರಳಿತು. ಆದರೆ ಶೆಡ್ಡಿನ ಕುರಿಯೂ ಕೂತಲ್ಲೇ ತಿನ್ನಬೇಕು, ಮತ್ತೆ ಅದೇ ಹೊಟ್ಟು, ಅದೇ ಮೆಕ್ಕೆಜೋಳ. ಹಿಂದಿನ ದಿನ ಹಿರಿಯೂರು ಬದಿಯ ಗೊಲ್ಲರಹಟ್ಟಿಯೊಂದರಲ್ಲಿ ಒಬ್ಬ ಅಜ್ಜ ಶೆಡ್ಡಿನಲ್ಲಿ ಕುರಿ ಸಾಕುವ ಮಾತು ಕೇಳಿ ಹಲ್ಲಿಲ್ಲದ ಬಾಯಿಯಲ್ಲಿ ನಕ್ಕಿದ್ದ: "ಕುರಿ ಕೂರಿಸಿ ಉಣ್ಣಿಸ್ತಾರಾ? ಅದು ನಾಲ್ಕು ಕಾಲು ಇಟ್ಕೊಂಡು ಹುಟ್ಟಿದ್ದು ಯಾಕಂತೆ?" ಅವನ ಮಂದೆಗೆ ತೋಟದವರು ರಾತ್ರಿಯ ಲೆಕ್ಕದಲ್ಲಿ ದುಡ್ಡು ಕೊಟ್ಟು ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಗೊಬ್ಬರಕ್ಕಾಗಿ. ಈ ಜಿಲ್ಲೆಯಲ್ಲಿ ಬೆಲೆ ಇಳಿಯದ ಒಂದೇ ಸರಕು ಅದಿರಬೇಕು.

ದುರ್ಗಕ್ಕೆ ಬಂದು ಸೇರಿದಾಗ ರಾತ್ರಿ. ಕೋಟೆ ನೋಡುವ ಯೋಚನೆ ಇತ್ತು, ಬಿಟ್ಟೆ. ಬೆಳಗ್ಗೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ, ಹಿಂದೆ ಹಳ್ಳಿಯ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿದ್ದವರೊಬ್ಬರು ಎದುರು ಕೂತರು. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆಗೆ ಒಂದೇ ಒಕ್ಕೂಟ, ಅದರ ಮುಖ್ಯ ಕಚೇರಿ ಶಿವಮೊಗ್ಗ ಭದ್ರಾವತಿ ನಡುವಿನ ಮಾಚೇನಹಳ್ಳಿಯಲ್ಲಿ. ನಮಗೇ ಬೇರೆ ಒಕ್ಕೂಟ ಬೇಕು ಎಂಬ ದಾವಣಗೆರೆ-ಚಿತ್ರದುರ್ಗದವರ ಕೂಗು ಹಳೆಯದು. ಬೇರೆಯಾದರೆ ದರ ಏರುತ್ತದಾ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಇಡ್ಲಿ ಮುರಿದರು. "ನೋಡಿ, ಮಾರಿ ಮಿಕ್ಕ ಹಾಲು ಪುಡಿ ಆಗಬೇಕು, ಬೆಣ್ಣೆ ಆಗಬೇಕು. ಪುಡಿಗೆ ರೇಟು ಬಿದ್ದರೆ ಯಾವ ಒಕ್ಕೂಟ ಆದರೂ ರೈತನ ಚೀಟಿಯಲ್ಲೇ ಕತ್ತರಿಸೋದು. ಲಾಕ್‌ಡೌನಿನಲ್ಲಿ ನೋಡಲಿಲ್ವಾ?" ನೋಡಿದ್ದೆವು. 2020ರಲ್ಲಿ ಹೋಟೆಲು, ಮದುವೆ ನಿಂತಾಗ ಹಾಲು ಪುಡಿಯಾಗಿ ಗೋದಾಮು ತುಂಬಿತು. ಒಳ್ಳೆಯ ಮಳೆ ಬಂದು ಎಲ್ಲರ ಹಸುವೂ ಚೆನ್ನಾಗಿ ಕರೆಯುವ ವರ್ಷವೇ ದರ ಬೀಳುವುದು, ಬರದ ವರ್ಷ ಹಾಲೇ ಇರುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದಾಗ ಈ ಜಿಲ್ಲೆಯವರು ಹುಲ್ಲಿಗೆ ಕೊಟ್ಟ ರೇಟನ್ನು ಇನ್ನೂ ಮರೆತಿಲ್ಲ.

ಆ ಹೋಟೆಲಿನಲ್ಲೇ ನನಗೆ ಒಂದು ವಿಷಯ ಖಚಿತವಾಯಿತು. ಮೂರು ದಿನ ನಾನು ಕೇಳಿದ್ದು ಹಾಲಿನ ದರದ ಬಗ್ಗೆ. ಜನ ಉತ್ತರಿಸಿದ್ದು ಹುಲ್ಲಿನ ಬಗ್ಗೆ. ಬೇರೆ ಕಸುಬು ಹಿಡಿಯಿರಿ ಎಂದು ಹೇಳುವವರು ಹಸುವನ್ನು ಒಂದು ಪಟ್ಟಿಯಲ್ಲಿ, ಬೆಳೆಯನ್ನು ಇನ್ನೊಂದು ಪಟ್ಟಿಯಲ್ಲಿ ಬರೆಯುತ್ತಾರೆ. ಹೊಲ ಮತ್ತು ಕೊಟ್ಟಿಗೆಗೆ ಇರುವುದು ಒಂದೇ ಖಾತೆ. ಬಬ್ಬೂರು ಫಾರಂನಂಥ ಕೃಷಿ ಸಂಶೋಧನಾ ಕೇಂದ್ರ ಇರುವ ಜಿಲ್ಲೆ ಇದು. ರಾಗಿ, ಸಾವೆ ಬೆಳೆದವನಿಗೆ ಕಾಳಿನ ಜೊತೆ ಹುಲ್ಲಿಗೂ ಒಂದು ಬೆಲೆ ಕಟ್ಟಿಕೊಟ್ಟರೆ, ಯಂತ್ರ ಕೊಯ್ದರೂ ಹುಲ್ಲು ಉಳಿಯುವಂತೆ ಮಾಡಿದರೆ, ಊರ ಗೋಮಾಳವನ್ನು ಇನ್ಯಾವುದಕ್ಕೋ ಬರೆದುಕೊಡುವ ಮೊದಲು ಅಲ್ಲಿನ ಡೈರಿಯ ಮುಂದಿನ ಸಾಲನ್ನು ಒಮ್ಮೆ ನೋಡಿ ಬಂದರೆ, ಆಮೇಲೆ ಅಡಿಕೆಯೋ ಕುರಿಯೋ ರೇಷ್ಮೆಯೋ ಎಂಬ ಮಾತಾಡಬಹುದು. ರೇಷ್ಮೆಯವರು ಈ ವಿಷಯದಲ್ಲಿ ಜಾಣರು. ಹುಳ ತಿಂದು ಬಿಟ್ಟ ಸೊಪ್ಪು ಕಡ್ಡಿ ಹಸುವಿನ ಮುಂದೆ ಬೀಳುತ್ತದೆ.

2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು. ಏರಿದ್ದು ರೈತರಿಗೇ ಎಂದು ಸರ್ಕಾರ ಹೇಳಿತು. ಬೆಂಗಳೂರಿನಲ್ಲಿ ನಮ್ಮ ಬೀದಿಯ ಅಂಗಡಿಯಲ್ಲಿ ಎರಡು ದಿನ ಗೊಣಗಾಟ ನಡೆದು ನಿಂತಿತು. ನಾನು ಹೊಸದುರ್ಗಕ್ಕೆ ಫೋನ್ ಮಾಡಿದೆ.

"ಏರಿಸವ್ರೆ ಕಣಪ್ಪ, ಟಿವಿಯಾಗೆ ಬಂತು," ಎಂದರು ಅತ್ತೆ. "ಹುಲ್ಲಿನೋನಿಗೂ ಟಿವಿ ಐತಲ್ಲ, ಅವನೂ ನೋಡವ್ನೆ."

ಯುಗಾದಿಗೆ ಮುಂಚೆಯೇ ಒಂದು ಹಸು ಮಾರಿದ್ದರು. ಉಳಿದದ್ದು ಗಬ್ಬ, ಆಷಾಢಕ್ಕೆ ಈಯುತ್ತದಂತೆ.